ಇವತ್ತಿನ ಪಾಳಿ ದುರ್ಗಿದು

ಮೊನ್ನೆ ನಮ್ಮ ಓಣಿಯವರ ವಾಟ್ಸಾಪ್ ಗುಂಪಿನಲ್ಲಿ ಬಸ್ಯಾ ಒಂದು ವಿಡಿಯೋ ಹಾಕಿದ್ದ. ಬಸ್ಯಾ ಎಂದರೆ ಈಗ ಬಸವರಾಜಪ್ಪನವರು, ಕುಷ್ಟಗಿಯಲ್ಲಿ ದೊಡ್ಡ ಬಟ್ಟೆ ಅಂಗಡಿ ಇಟ್ಟವರು. ಎದುರುಮನೆಯಲ್ಲಿ ಹುಟ್ಟಿ ನನ್ನ ಜೊತೆ ಮಣ್ಣು ತಿಂದು ಬೆಳೆದವನಾದ್ದರಿಂದ ನನ್ನ ಬಾಯಲ್ಲಿ ಇನ್ನೂ ಬಸ್ಯಾನೇ. ವಿಡಿಯೋದಲ್ಲಿ ಜಪಾನಿನ ಪುಟ್ಟ ಮಕ್ಕಳು ತಲೆಗೆ ಬಿಳಿ ಟೊಪ್ಪಿಗೆ ಹಾಕಿಕೊಂಡು ಒಬ್ಬರಿಗೊಬ್ಬರು ಊಟ ಬಡಿಸುತ್ತಿದ್ದವು. ಎಲ್ಲರ ತಟ್ಟೆ ತುಂಬುವವರೆಗೆ ಒಬ್ಬರೂ ತುತ್ತು ಎತ್ತುತ್ತಿರಲಿಲ್ಲ. ಟೀಚರು ಗೋಡೆಯ ಹತ್ತಿರ ಸುಮ್ಮನೆ ನಿಂತಿದ್ದಳು. ಕೆಳಗೆ ನಮ್ಮವರ ಉದ್ಗಾರಗಳೋ ಉದ್ಗಾರಗಳು. ಸಂಸ್ಕಾರ ಅಂದರೆ ಇದಪ್ಪಾ, ನಮ್ಮ ಮಕ್ಕಳು ಯಾವಾಗ ಕಲಿತಾವೋ, ನಮ್ಮ ದೇಶ ಯಾವಾಗ ಸುಧಾರಿಸುತ್ತದೋ. ಬಸ್ಯಾ ತಾನೇ ಮೂರು ಕೈಮುಗಿಯುವ ಚಿತ್ರ ಹಾಕಿದ್ದ. ನನಗೆ ಮೈಯೆಲ್ಲ ಉರಿದುಹೋಯಿತು. ಅರವತ್ತು ದಾಟಿದ ಮೇಲೆ ನಾಲಿಗೆ ಕಚ್ಚಿಕೊಂಡು ಕೂರುವ ಹಂಗು ನನಗಿಲ್ಲ. ಅದರ ಕೆಳಗೇ ಬರೆದೆ: ಬಸ್ಯಾ, ಇದೇ ಊಟದ ಸಾಲಿನಿಂದ ನಿಮ್ಮವ್ವ ನಿನ್ನ ರಟ್ಟಿ ಹಿಡಿದು ಎಳಕೊಂಡು ಹೋದ ದಿನ ನೆನಪೈತೇನು? ಸ್ವಲ್ಪ ಹೊತ್ತಿಗೆ ಯಾರೋ ಗುಲಾಬಿ ಹೂವಿನ ಶುಭೋದಯ ಕಳಿಸಿ ಮಾತು ಮುಚ್ಚಿದರು.

ಅವರು ಮುಚ್ಚಿದ್ದನ್ನು ನಾನು ಇಲ್ಲಿ ತೆರೆಯುತ್ತೇನೆ. ಆ ಬಿಳಿ ಟೊಪ್ಪಿಗೆಯನ್ನು ಕುಷ್ಟಗಿಯ ನಮ್ಮ ಮನೆಯ ಪಡಸಾಲೆಯಲ್ಲಿ ನನ್ನ ತಲೆಗೂ ಕಟ್ಟಿದ್ದರು. ಅಪ್ಪನ ಹಳೇ ಧೋತರ ಹರಿದು ಮಾಡಿದ ಚೌಕ ಅದು. ಕಟ್ಟಿದವಳು ಗಿರಿಜತ್ತಿ, ನಮ್ಮಪ್ಪನ ತಂಗಿ.

ನಮ್ಮದು ಕಲ್ಲಿನ ಗೋಡೆಯ, ಮಣ್ಣಿನ ಮಾಳಿಗೆಯ ಮನೆ. ಮುಂದೆ ಕಟ್ಟೆ, ಕಟ್ಟೆಯಿಂದ ಒಳಗೆ ಬಂದರೆ ದಪ್ಪ ಕಂಬಗಳ ಪಡಸಾಲೆ, ಆಮೇಲೆ ನಡುಮನೆ, ಅದರ ಹಿಂದೆ ಬೆಳಕಿಂಡಿಯಿಂದ ಬಿಸಿಲು ಕೋಲಾಗಿ ಇಳಿಯುವ ಅಡಿಗೆಮನೆ. ಹಿತ್ತಲಿನಲ್ಲಿ ದನದ ಕೊಟ್ಟಿಗೆ, ಜಳಕದ ಕಲ್ಲು. ಪಕ್ಕದ ಅಂಗಳದಲ್ಲಿ ಶೇಂಗಾದ ರಾಶಿ. ಅಪ್ಪನಿಗೆ ಪ್ಯಾಟಿಯಲ್ಲಿ ಕಿರಾಣಿ ಅಂಗಡಿ ಇತ್ತು, ಜೊತೆಗೆ ಶೇಂಗಾ ವ್ಯಾಪಾರ. ಸುಗ್ಗಿ ಮುಗಿದ ಮೇಲೆ ಕೆಳಗಿನ ಓಣಿಯ ಹೆಂಗಸರು ಬಂದು ನಮ್ಮ ಅಂಗಳದಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದರು. ಮನೆಯೊಳಗೆ ಅಧಿಕಾರ ಆಯಿಯದು, ಅಂದರೆ ಅಪ್ಪನ ತಾಯಿಯದು. ನಡುಮನೆಯ ಹೊಸ್ತಿಲ ಪಕ್ಕ ಆಕೆಯ ಮಣೆ. ಯಾರು ಎಲ್ಲಿಯವರೆಗೆ ಬರಬಹುದು ಎಂಬುದನ್ನು ಆಕೆ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಮಣೆಯ ಮೇಲೆ ಕೂತು ನೋಡಿದರೆ ಸಾಕು, ಬಂದವರ ಕಾಲು ತಾನೇ ನಿಲ್ಲುತ್ತಿತ್ತು. ಕೆಲವರಿಗೆ ಕಟ್ಟೆ, ಕೆಲವರಿಗೆ ಪಡಸಾಲೆ, ಕೆಲವರಿಗೆ ಅಂಗಳ ಮಾತ್ರ. ನಮ್ಮವ್ವ ಆಯಿಗೆ ಎದುರು ಮಾತಾಡಿದ್ದನ್ನು ನಾನು ಕೇಳಿಲ್ಲ. ಅವಳಿಗೆ ಬೇರೆ ಉಪಾಯಗಳಿದ್ದವು.

ಗಿರಿಜತ್ತಿಯ ಗಂಡ ಬಟ್ಟೆ ವ್ಯಾಪಾರದವರ ಕೈಕೆಳಗೆ ಜಪಾನಿನ ಒಂದು ಬಂದರು ಊರಿಗೆ ಹೋಗಿದ್ದ. ಇವಳನ್ನೂ ಕರೆದುಕೊಂಡು ಹೋದ. ಅಲ್ಲಿ ಅವನಿಗೆ ಬೇರೊಬ್ಬಳು ಸಿಕ್ಕಳು. ಅತ್ತಿ ಅತ್ತು ಕರೆದು ಕಾಲು ಹಿಡಿಯುವ ಪೈಕಿ ಅಲ್ಲ. ಮನೆಯ ಹತ್ತಿರದ ಚಿಕ್ಕ ಮಕ್ಕಳ ಶಾಲೆಯಲ್ಲಿ ಕಸ ಹೊಡೆಯುವ ಕೆಲಸಕ್ಕೆ ಸೇರಿದಳು. ಆಮೇಲೆ ಅಡಿಗೆಗೆ, ಆಮೇಲೆ ಮಕ್ಕಳ ಜೊತೆ ಕೂರುವುದಕ್ಕೆ. ಅಲ್ಲಿ ಟೀಚರಿಗೆ ಸೆನ್ಸೇ ಎನ್ನುತ್ತಾರಂತೆ, ಇವಳನ್ನೂ ಹಾಗೇ ಕರೆದರಂತೆ. ಹಲವು ವರ್ಷ ಅಲ್ಲಿ ದುಡಿದು, ತನ್ನ ಖರ್ಚಿನಲ್ಲೇ ಟಿಕೇಟು ತೆಗೆದುಕೊಂಡು, ಒಂದು ಟ್ರಂಕು ಹಿಡಿದು ತವರಿಗೆ ಬಂದಳು. ಬಂದ ದಿನ ಆಯಿ ಕೇಳಿದ ಮೊದಲ ಮಾತು ನನಗೆ ನೆನಪಿದೆ.

"ಮಂದಿಗೆ ಏನಂತ ಹೇಳೂಣು?"

"ಗಂಡನ್ನ ಬಿಟ್ಟು ಬಂದಾಳ ಅಂತ ಹೇಳು. ಖರೇ ಅದ ಐತಿ."

ಅಂದಿನಿಂದ ಆ ಮನೆಯಲ್ಲಿ ಇಬ್ಬರ ಕಿತ್ತಾಟ ದಿನದ ಅಡಿಗೆಯಷ್ಟೇ ಖಾಯಂ ಆಯಿತು. ಅತ್ತಿ ಸುಮ್ಮನೆ ಕೂರದೆ ಪಡಸಾಲೆಯಲ್ಲಿ ಚಾಪೆ ಹಾಸಿ ಓಣಿಯ ಸಣ್ಣ ಮಕ್ಕಳನ್ನು ಕೂಡಿಸಿಕೊಂಡಳು. ಗಂಡನನ್ನು ಬಿಟ್ಟವಳ ಹತ್ತಿರ ಮಕ್ಕಳನ್ನು ಯಾರು ಕಳಿಸುತ್ತಾರೆ ಎಂದು ಆಯಿ ನಕ್ಕಳು. ಆದರೆ ಜಪಾನ್ ಎಂಬ ಹೆಸರಿನ ಮುಂದೆ ಗಂಡ ಬಿಟ್ಟ ಸುದ್ದಿ ಸಪ್ಪೆಯಾಯಿತು. ನಮ್ಮೂರಲ್ಲಿ ಗಡಿಯಾರ, ರೇಡಿಯೋ, ಹೊಲಿಗೆ ಸೂಜಿ ಏನೇ ಛಲೋ ಇದ್ದರೂ ಜಪಾನಿದು ಎನ್ನುವ ರೂಢಿ. ಮಕ್ಕಳೂ ಅಲ್ಲಿಯ ನಮೂನೆಯಲ್ಲೇ ತಯಾರಾಗಲಿ ಎಂದು ಬಸ್ಯಾನ ಅವ್ವ ಶಾಂತಕ್ಕ ಎಲ್ಲರಿಗಿಂತ ಮೊದಲು ಅವನನ್ನು ತಂದು ಬಿಟ್ಟಳು. ಅತ್ತಿ ಮಾತ್ರ ಜಪಾನನ್ನು ಹೊಗಳಿದ್ದು ನಾನು ಕೇಳಿಲ್ಲ. ಅಲ್ಲಿ ಮೊದಮೊದಲು ಯಾವ ಕೂಸೂ ಆಕೆಯ ಕೈ ಹಿಡಿಯುತ್ತಿರಲಿಲ್ಲವಂತೆ; ಒಬ್ಬ ಹುಡುಗಿಯಂತೂ ಕೈಯ ಬಣ್ಣ ತನಗೆ ಹತ್ತುತ್ತದೇನೋ ಎಂದು ಕೇಳಿಯೇಬಿಟ್ಟಳಂತೆ. ದೊಡ್ಡ ಟೀಚರು ಆ ಹುಡುಗಿಯನ್ನು ಬೈಯಲಿಲ್ಲ, ಅತ್ತಿಗೆ ಸಮಾಧಾನವನ್ನೂ ಹೇಳಲಿಲ್ಲ. ಅತ್ತಿಯೇ ಕೈ ಮುಂದೆ ಮಾಡಿ, ತಿಕ್ಕಿ ನೋಡು ಎಂದಳಂತೆ. ಹುಡುಗಿ ಪುಟ್ಟ ಬೆರಳಲ್ಲಿ ತಿಕ್ಕಿದ್ದೇ ತಿಕ್ಕಿದ್ದು. ಆಮೇಲೆ ಆ ವರ್ಷವೆಲ್ಲ ಕೈ ಬಿಡಲಿಲ್ಲವಂತೆ. ಇನ್ನೊಬ್ಬ ಹುಡುಗನನ್ನು ಮಾತ್ರ ಕಡೆತನಕ ಯಾರೂ ಆಟಕ್ಕೆ ಸೇರಿಸಿಕೊಳ್ಳಲಿಲ್ಲ, ಟೀಚರು ನೋಡುತ್ತಲೇ ನಿಂತಿದ್ದರು, ಅದು ತಪ್ಪು ಎಂದು ಹೇಳುವಾಗ ಅತ್ತಿಯ ಮುಖ ಬಿಗಿಯುತ್ತಿತ್ತು.

"ಸುಮ್ಮನ ನಿಂದರೂದು ಬ್ಯಾರೆ, ಕೈಬಿಡೂದು ಬ್ಯಾರೆ," ಎನ್ನುತ್ತಿದ್ದಳು.

ಈ ಸುಮ್ಮನೆ ನಿಲ್ಲುವ ವಿದ್ಯೆಯೇ ಊರವರಿಗೆ ಬಗೆಹರಿಯದ ಸಂಗತಿಯಾಯಿತು. ಮಕ್ಕಳು ಜಗಳಾಡಿದರೆ ಅತ್ತಿ ಬಿಡಿಸುತ್ತಿರಲಿಲ್ಲ. ಓಡಿ ಬಂದು ಹತ್ತಿರದಲ್ಲೇ ಕುಕ್ಕರಗಾಲಿನಲ್ಲಿ ಕೂರುತ್ತಿದ್ದಳು. ಕೈಯಲ್ಲಿ ಕಲ್ಲು ಬಂದರೆ ಕಲ್ಲು ಕಸಿದುಕೊಳ್ಳುತ್ತಿದ್ದಳು. ಅಷ್ಟೇ. ಯಾರಾದರೂ ಅಳುತ್ತ ಅವಳ ಕಡೆ ನೋಡಿದರೆ, "ನಾ ಇಲ್ಲೇ ಅದೀನಿ" ಎನ್ನುತ್ತಿದ್ದಳು, ಮುಂದಿನದು ಏನೂ ಇಲ್ಲ. ಒಮ್ಮೆ ನಾನೂ ಬಸ್ಯಾನೂ ಒಂದು ಡಬ್ಬಿಗಾಗಿ ಹೊಡೆದಾಡಿದೆವು. ಗೋಡೆ ರಿಪೇರಿಗೆ ತಂದ ಉಸುಕಿನ ಗುಪ್ಪೆಯ ಮೇಲೆ ಆಟ. ಅವನು ನನ್ನ ಜಡೆ ಜಗ್ಗಿದ, ನಾನು ಅವನ ಮುಂಗೈ ಕಚ್ಚಿದೆ. ಇಬ್ಬರೂ ಬಾಯಿ ತೆರೆದು ಅತ್ತಿಯ ಕಡೆ ತಿರುಗಿದೆವು. ಅತ್ತಿ ಬಂದು ಕೂತಳು, ನೋಡಿದಳು, ತೀರ್ಪಿಲ್ಲ. ತೀರ್ಪು ಕೊಡುವವರೇ ಇಲ್ಲದಾಗ ಜೋರಾಗಿ ಅಳುವುದು ಬಹಳ ತ್ರಾಸಿನ ಕೆಲಸ, ಬೇಕಾದರೆ ಅತ್ತು ನೋಡಿ. ನಮ್ಮ ಅಳು ಸವೆಯುತ್ತ ಬಂದಾಗ ಶೇಂಗಾದ ಚೀಲಗಳ ಹಿಂದಿನಿಂದ ಒಂದು ಹುಡುಗಿ ಎದ್ದು ಬಂದಳು. ಯಾರ ಅಪ್ಪಣೆಯನ್ನೂ ಕೇಳದೆ ಡಬ್ಬಿ ಎತ್ತಿಕೊಂಡು ಉಸುಕು ತುಂಬಿ ನಮ್ಮಿಬ್ಬರ ನಡುವೆ ಇಟ್ಟಳು.

"ಅಂವ ತುಂಬಲಿ. ನೀ ಸುರುವು. ಆಮ್ಯಾಲ ನೀ ತುಂಬು, ಅಂವ ಸುರುವಲಿ. ನಡಕ ಉಸುಕು ದಬ್ಬಾಕಿ ನಾ."

ಮೂವರೂ ಆಟಕ್ಕೆ ಹತ್ತಿದೆವು. ಆಗ ಅತ್ತಿ ಬಸ್ಯಾನನ್ನು ಕೇಳಿದ್ದು ಒಂದೇ ಮಾತು.

"ಕಚ್ಚಿದ್ದು ಇನ್ನೂ ಉರೀತೈತೇನು? ನೀಲಾಗ ತೋರಸು."

ಅವನು ಕೈ ಚಾಚಿದ. ನನ್ನ ಹಲ್ಲಿನ ಗುರುತು ಸಾಲಾಗಿ ಕೆಂಪಗೆ ಕೂತಿತ್ತು. ನಾನು ಅದರ ಮೇಲೆ ಉಫ್ ಎಂದು ಊದಿದೆ. ಅವನು ಇನ್ನೊಮ್ಮೆ ಊದು ಎಂದ. ನನ್ನ ಹಲ್ಲಿನಿಂದ ಇನ್ನೊಬ್ಬರಿಗೆ ನೋವಾಗುತ್ತದೆ ಎಂದು ಬೈಗುಳವಿಲ್ಲದೆ ನನಗೆ ತಿಳಿದದ್ದು ಅಂದೇ. ಆಯಿ ಮಣೆಯ ಮೇಲಿಂದ ಎಲ್ಲ ನೋಡಿ, ಕೂಸುಗೋಳು ಬಡದಾಡಿ ಸತ್ರೂ ಇಕಿ ಕಂಬಾ ನಿಂತಂಗ ನಿಂದರ್ತಾಳ, ಇದಕ್ಕ ಸಾಲಿ ಅಂತಾರೇನು ಎಂದಳು. ಅತ್ತಿ ಕೈಯ ಉಸುಕು ಕೊಡವುತ್ತ ಹೇಳಿದಳು.

"ನಾ ತೀರ್ಪು ಕೊಟ್ರ ಅವು ನನ್ನ ಮಾರಿ ನೋಡ್ತಾವ. ಕೊಡದಿದ್ರ ಒಬ್ಬರ ಮಾರಿ ಒಬ್ಬರು ನೋಡ್ತಾವ. ನನ್ನ ಮಾರಿ ನೋಡಿ ಏನು ಮಾಡ್ತಾವ?"

ಆ ಹುಡುಗಿ ದುರ್ಗಿ. ಶೇಂಗಾ ಸುಲಿಯಲು ಬರುತ್ತಿದ್ದ ಯಲ್ಲವ್ವನ ಮಗಳು. ಯಲ್ಲವ್ವನ ಮನೆ ಊರ ಹೊರಗಿನ ದಲಿತರ ಕೇರಿಯಲ್ಲಿತ್ತು. ಆಯಿಯಂಥವರು ಅದಕ್ಕೆ ಕೆಳಗಿನ ಓಣಿ ಎಂದು ಹೇಳಿ ಬಾಯಿ ತೊಳೆದುಕೊಂಡಂತೆ ಮಾಡುತ್ತಿದ್ದರು. ಮರುದಿನ ಅತ್ತಿ ಪಡಸಾಲೆಯಲ್ಲಿ ಇನ್ನೊಂದು ಚಾಪೆ ಬಿಚ್ಚಿ, ಅಂಗಳದಲ್ಲಿದ್ದ ದುರ್ಗಿಯನ್ನು ಕರೆದಳು. ದುರ್ಗಿ ಆಯಿಯ ಮಣೆಯ ಕಡೆ ನೋಡಿದಳು, ಅವ್ವನ ಕಡೆ ನೋಡಿದಳು. ಯಲ್ಲವ್ವ ಶೇಂಗಾ ಸುಲಿಯುತ್ತಲೇ, ಹೋಗು ಎನ್ನುವಂತೆ ಗದ್ದ ಎತ್ತಿದಳು. ದುರ್ಗಿ ಮೆಟ್ಟಿಲು ಹತ್ತಿ ಬಂದು ಬಾಗಿಲ ಪಕ್ಕದ ತುದಿಯಲ್ಲಿ ಕೂತಳು. ಆಯಿ ಎದ್ದು ಒಳಗೆ ಹೋದಳು. ಓಣಿಯ ತಾಯಂದಿರು ಎರಡು ದಿನ ಗುಸುಗುಸು ಮಾಡಿ, ಸಣ್ಣ ಹುಡುಗಿ, ತುದಿಗೆ ಕೂತಾಳ, ಇರಲಿ ಎಂದು ಸುಮ್ಮನಾದರು. ಕೂರಿಸಿಕೊಳ್ಳುವವರೆಗೆ ನಮ್ಮ ಮಂದಿ ಬಹಳ ಉದಾರಿಗಳು.

ಮಧ್ಯಾಹ್ನ ಎಲ್ಲರಿಗೂ ಅಲ್ಲೇ ಊಟ. ಜೋಳದ ನುಚ್ಚು, ಬೇಳೆ ಸಾರು, ಒಮ್ಮೊಮ್ಮೆ ಪುಂಡಿಪಲ್ಯ. ಅಡಿಗೆ ಅತ್ತಿಯದು, ನಮ್ಮವ್ವ ಸದ್ದಿಲ್ಲದೆ ಮಜ್ಜಿಗೆ ಕಳಿಸುತ್ತಿದ್ದಳು. ಬಡಿಸುವುದು ಮಾತ್ರ ಮಕ್ಕಳೇ, ದಿನಕ್ಕೊಬ್ಬರು, ಚಾಪೆಯ ಮೇಲೆ ಕೂತ ಸಾಲಿನಂತೆ. ಕಾಲುವೆ ನೀರಿಗೆ ಪಾಳಿ ಇರುತ್ತದಲ್ಲ, ಹಾಗೆ ಇದೂ ಪಾಳಿ. ಪಾಳಿ ಬಂದವರು ಕೈ ತೊಳೆದು, ತಲೆಗೆ ಬಿಳಿ ಚೌಕ ಕಟ್ಟಿಸಿಕೊಂಡು, ಬೋಗುಣಿ ಹಿಡಿದು ಗಂಗಾಳದಿಂದ ಗಂಗಾಳಕ್ಕೆ ಹೋಗಬೇಕು. ಚೆಲ್ಲಿದರೆ ತಾವೇ ಒರೆಸಬೇಕು. ಯಾರಿಗೆ ಕಡಿಮೆಯಾಯಿತೋ ಅವರು ಬಡಿಸಿದವರನ್ನೇ ಕೇಳಬೇಕು, ಅತ್ತಿಯನ್ನಲ್ಲ. ಎಲ್ಲರಿಗೂ ಬಡಿಸಿದ ಮೇಲೆ ಪಾಳಿಯವರು ತಮ್ಮ ಜಾಗದಲ್ಲಿ ಕೂತು, "ಉಣ್ಣೂಣ್ರಿ" ಎನ್ನಬೇಕು. ಆ ಮಾತು ಬರುವವರೆಗೆ ಯಾರೂ ಗಂಗಾಳಕ್ಕೆ ಕೈ ಹಾಕುವಂತಿಲ್ಲ. ಬಸ್ಯಾ ತನ್ನ ಪಾಳಿಯಲ್ಲಿ ಆ ಮಾತು ಹೇಳದೆ ಎಲ್ಲರನ್ನೂ ಕಾಯಿಸಿ ಮಜಾ ತೆಗೆದುಕೊಳ್ಳುತ್ತಿದ್ದ. ನನ್ನ ಪಾಳಿ ಬಂದ ದಿನ ನಾನು ಬೆಳಗಿನಿಂದಲೇ ಚೌಕ ಕಟ್ಟಿಕೊಂಡು ಓಣಿಯೆಲ್ಲ ಸುತ್ತಿ ಬಂದಿದ್ದೆ. ಆ ದಿನ ಹಿರಿಯರು ನನಗೆ ರಿ ಹಚ್ಚಿ ಮಾತಾಡಬೇಕು ಅನಿಸಿತ್ತು.

ಪಾಳಿ ಬಾಗಿಲ ತುದಿಯ ಕಡೆ ಸರಿಯುತ್ತ ಬಂತು. ಮೊದಲು ಯಾರಿಗೂ ಲಕ್ಷ್ಯ ಇರಲಿಲ್ಲ. ಒಂದು ಸಂಜೆ ನಾನೇ ಊಟದಲ್ಲಿ ಕೂತಾಗ, ಇನ್ನು ದುರ್ಗಿ ಪಾಳಿ ಬರ್ತೈತಿ ಎಂದು ಖುಷಿಯಿಂದ ಹೇಳಿದೆ. ಅಪ್ಪನ ಕೈಯಲ್ಲಿದ್ದ ರೊಟ್ಟಿಯ ಚೂರು ಅಲ್ಲೇ ನಿಂತಿತು. ಮರುದಿನ ಕಟ್ಟೆಯ ಮೇಲೆ ತಾಯಂದಿರ ಸಭೆ. ಶಾಂತಕ್ಕನ ಮಾತು ಎಷ್ಟು ನಯವಾಗಿತ್ತೆಂದರೆ, ಈಗಲೂ ನಯವಾಗಿ ಮಾತಾಡುವವರನ್ನು ಕಂಡರೆ ನಾನು ಎಚ್ಚರಾಗುತ್ತೇನೆ.

"ನಾವೇನು ಭೇದ ಮಾಡೋ ಪೈಕಿ ಅಲ್ರಿ ಗಿರಿಜಕ್ಕ. ಹುಡುಗಿ ಭಾಳ ಛಲೋ ಅದಾಳ. ಕಸಾ ಹೊಡೀಲಿ, ಚಪ್ಪಲಿ ಜೋಡಸಲಿ, ಗಿಡಕ್ಕ ನೀರು ಹಾಕಲಿ. ಬಡಸೂದೊಂದು ಬ್ಯಾಡ್ರಿ."

"ಕಸದ ಪಾಳಿ ನಿಮ್ಮ ಬಸೂಂದೂ ಐತ್ರಿ. ಅಂವ ಕಸಾನೂ ಹೊಡೀತಾನ, ಬಡಸ್ತಾನ. ಅಕಿಗೆ ಬರೇ ಕಸಾ ಯಾಕ್ರಿ?"

"ಜಪಾನದಾಗ ನಡೀತೈತಿ. ಇಲ್ಲಿ ಹ್ಯಾಂಗ ನಡೀತೈತ್ರಿ?"

"ನಡಸಿದ್ರ ನಡೀತೈತ್ರಿ."

ರಾತ್ರಿಯ ಊಟಕ್ಕೆ ಅಪ್ಪ ತನ್ನ ಉಪಾಯ ತಂದ. ಅಪ್ಪ ಕೆಟ್ಟವನಲ್ಲ. ಊರಲ್ಲಿ ಅಂಗಡಿ ಇಟ್ಟವನು ಯಾರನ್ನೂ ಸಿಟ್ಟಿಗೆಬ್ಬಿಸಬಾರದು ಎಂಬುದು ಅವನ ಧರ್ಮ. ಅದಕ್ಕಾಗಿಯೇ ಅವನು ಜೀವನದುದ್ದಕ್ಕೂ ತಪ್ಪು ಕಡೆಗೇ ವಾಲಿದ.

"ಅಕಿ ಪಾಳಿ ಬಂದ ದಿನ ಸಾಲಿ ಸೂಟಿ ಕೊಟ್ಟುಬಿಡು. ಯಾರಿಗೂ ಬ್ಯಾಸರಿಲ್ಲ."

"ಮರುದಿನಾನೂ ಅಕೀದ ಪಾಳಿ ಇರ್ತೈತೆಣ್ಣಾ. ಎಷ್ಟು ಸೂಟಿ ಕೊಡಲಿ?"

"ನಾ ಇನ್ನೂ ಜೀವಂತ ಅದೀನಿ," ಎಂದಳು ಆಯಿ ಹೊಸ್ತಿಲಿನಿಂದ. "ನನ್ನ ಮನ್ಯಾಗ ಅಕಿ ಸೌಟು ಹಿಡದ್ರ ಆ ಸೌಟು, ಆ ಬೋಗಣಿ, ನೀನು, ಎಲ್ಲಾ ಹೊರಗ."

ಅತ್ತಿ ಊಟ ಮುಗಿಸಿ, ತನ್ನ ಗಂಗಾಳದ ಜೊತೆ ಆಯಿಯದನ್ನೂ ತೊಳೆದು ಬೋರಲು ಹಾಕಿದಳು. ನನಗೆ ಆಗ ತಿಳಿದದ್ದು ಇಷ್ಟೇ: ದುರ್ಗಿ ಬಡಿಸಿದರೆ ಅತ್ತಿ ಮನೆಯಲ್ಲಿ ಇರುವುದಿಲ್ಲ, ಬಡಿಸದಿದ್ದರೆ ಪಾಳಿ ಅನ್ನುವುದೇ ಸುಳ್ಳಾಗುತ್ತದೆ. ನಾನು ಎರಡನ್ನೂ ಕಳೆದುಕೊಳ್ಳಲು ತಯಾರಿರಲಿಲ್ಲ. ಅವ್ವನ ಸೆರಗಿನಲ್ಲಿ ಮುಖ ಹಾಕಿ ಅತ್ತೆ. ಅವ್ವ ತಲೆ ನೇವರಿಸಿದಳು.

ಆ ದಿನ ಬಂತು. ಮಕ್ಕಳೆಲ್ಲ ಬಂದಿದ್ದವು, ಯಾಕೆಂದರೆ ಬೆಳಗಿನ ಆಟ, ಹಾಡು ಬಿಡಿಸುವುದು ತಾಯಂದಿರಿಗೂ ಬೇಡವಾಗಿತ್ತು. ಅಷ್ಟು ಹೊತ್ತು ಮನೆ ಶಾಂತವಿರುತ್ತಿತ್ತಲ್ಲ. ಊಟದ ಹೊತ್ತಿಗೆ ಸರಿಯಾಗಿ ಅವರು ಕಟ್ಟೆಯ ಮೇಲೆ ಬಂದು ನಿಂತರು. ಅತ್ತಿ ಬೋಗುಣಿ ತಂದು ಇಟ್ಟಳು. ದುರ್ಗಿಯ ಕೈಗೆ ನೀರು ಹಾಕಿದಳು, ತಲೆಗೆ ಚೌಕ ಕಟ್ಟಿ ಹಿಂದೆ ಗಂಟು ಹಾಕಿದಳು.

"ಇವತ್ತಿನ ಪಾಳಿ ದುರ್ಗಿದು," ಎಂದು ಎಲ್ಲ ದಿನ ಹೇಳುವಷ್ಟೇ ದನಿಯಲ್ಲಿ ಹೇಳಿದಳು. ಆಮೇಲೆ ಹೋಗಿ ಕಂಬದ ಹತ್ತಿರ ಕೈ ಹಿಂದೆ ಕಟ್ಟಿ ನಿಂತಳು.

ಶಾಂತಕ್ಕ ಚಪ್ಪಲಿ ಬಿಟ್ಟು ಒಳಗೆ ಬಂದು ಬಸ್ಯಾನ ರಟ್ಟೆ ಹಿಡಿದಳು. ಅವನು ಕಂಬ ತಬ್ಬಿಕೊಂಡು, ಹಸಿವಾಗೈತಿ, ನಾ ಬರೂದಿಲ್ಲ ಎಂದು ಒದರಿದ. ಈಗಿನ ಬಸವರಾಜಪ್ಪನವರಿಗೆ ಇದು ಮರೆತಿರಬಹುದು, ನನಗೆ ಮರೆತಿಲ್ಲ; ಅಂದು ಅವನು ಒಳ್ಳೆಯ ಹುಡುಗನೇ ಆಗಿದ್ದ. ಅವನ ಬೆರಳುಗಳನ್ನು ಕಂಬದಿಂದ ಒಂದೊಂದೇ ಬಿಡಿಸಿ ಎಳೆದುಕೊಂಡು ಹೋದರು. ಅವನ ಹಿಂದೆ ಉಳಿದವರನ್ನೂ. ಚಾಪೆಯ ಮೇಲೆ ನಾವು ಕೆಲವರೇ ಉಳಿದೆವು, ಯಾರ ತಾಯಂದಿರು ಹೊಲಕ್ಕೆ ಹೋಗಿದ್ದರೋ ಅವರು, ಮತ್ತೆ ನಾನು. ದುರ್ಗಿ ಬೋಗುಣಿ ಹಿಡಿದು ನನ್ನ ಗಂಗಾಳದ ಮುಂದೆ ಬಂದು ನಿಂತಿದ್ದಳು. ಅಷ್ಟರಲ್ಲಿ ಅಪ್ಪ ಅಂಗಡಿಯಿಂದ ಬಂದ. ಯಾರೋ ಹೇಳಿ ಕಳಿಸಿರಬೇಕು.

"ನೀಲಾ, ಏಳು."

ನಾನು ಅತ್ತಿಯ ಮುಖ ನೋಡಿದೆ. ಅಲ್ಲಿ ತೀರ್ಪು ಇರಲಿಲ್ಲ. ಏಳು ಅಂತಲೂ ಇಲ್ಲ, ಕೂರು ಅಂತಲೂ ಇಲ್ಲ. ಆ ಕ್ಷಣ ನನಗೆ ಅತ್ತಿಯ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ದೊಡ್ಡವಳಾಗಿ ಒಂದು ಮಾತು ಹೇಳಿದರೆ ಇವಳ ಗಂಟೇನು ಹೋಗುತ್ತದೆ ಅನಿಸಿತು. ಅಪ್ಪನೂ ಅದನ್ನೇ ಕೇಳಿದ.

"ನೀನಾರ ಹೇಳು ಗಿರಿಜಾ. ಕೂಸು ಅದ."

"ಅಕೀ ಗಂಗಾಳ ಐತೆಣ್ಣಾ, ಅಕಿ ಹೇಳಲಿ. ನಾ ಇಲ್ಲೇ ಅದೀನಿ."

ಅತ್ತಿಯ ಮುಖ ಬಿಟ್ಟು ನಾನು ದುರ್ಗಿಯ ಮುಖ ನೋಡಿದೆ. ಅವಳು ಅಳುತ್ತಿರಲಿಲ್ಲ. ಗಂಗಾಳಕ್ಕೆ ಹಾಕಲೋ ಬೇಡವೋ ಎಂದು ಕಾಯುತ್ತಿದ್ದಳು, ಅಷ್ಟೇ. ನಾನು ಗಂಗಾಳವನ್ನು ಮುಂದೆ ದೂಡಿದೆ.

"ಹಾಕು."

ಅಪ್ಪ ಒಳಬಾಗಿಲಲ್ಲಿ ನಿಂತಿದ್ದ ಅವ್ವನ ಕಡೆ ತಿರುಗಿ, ನಿನ್ನ ಮಗಳನ್ನ ಎಬ್ಬಸು ಎಂದ. ಅವ್ವ, "ಒಲಿ ಮ್ಯಾಲ ಹಾಲು ಉಕ್ಕಾಕ ಹತ್ತ್ಯಾವು" ಎಂದು ಒಳಗೆ ನಡೆದುಬಿಟ್ಟಳು. ಒಲೆಯ ಮೇಲೆ ಆ ಹೊತ್ತಿನಲ್ಲಿ ಹಾಲು ಇರಲಿಲ್ಲ, ಅದು ಅವ್ವನಿಗೂ ಅಪ್ಪನಿಗೂ ನನಗೂ ಗೊತ್ತಿತ್ತು. ಅಪ್ಪ ಧೋತರದ ಚುಂಗು ಸರಿಮಾಡಿಕೊಂಡು ಅಂಗಡಿಗೆ ಹೊರಟುಹೋದ. ದುರ್ಗಿ ನನಗೆ ಹಾಕಿದಳು. ಉಳಿದವರಿಗೆ ಹಾಕಿದಳು. ಆಮೇಲೆ ನಿಲ್ಲಲಿಲ್ಲ. ಎಳೆದುಕೊಂಡು ಹೋದವರ ಖಾಲಿ ಗಂಗಾಳಗಳಿಗೂ ಒಂದೊಂದಾಗಿ ನುಚ್ಚು ಹಾಕಿ, ಸಾರು ಸುರುವುತ್ತ ಹೋದಳು.

"ಅವರು ಹೋಗ್ಯಾರಲ್ಲ," ಎಂದೆ ನಾನು.

"ಹೋಗಲಿ. ನಾ ಎಲ್ಲಾರಿಗೂ ಬಡಸೂದೈತಿ."

ಬಡಿಸಿ ಮುಗಿಸಿ, ತನ್ನ ಜಾಗದಲ್ಲಿ ಕೂತಳು. ಕಟ್ಟೆಯ ಮೇಲೆ ಕೆಲವು ಹೆಂಗಸರು ಇನ್ನೂ ನಿಂತಿದ್ದರು. ತುಂಬಿದ ಗಂಗಾಳಗಳ ಹಿಂದೆ ಮಕ್ಕಳಿಲ್ಲ, ಸಾರಿನ ಹಬೆ ಮಾತ್ರ ಏಳುತ್ತಿತ್ತು. ದುರ್ಗಿ ಅತ್ತಿಯ ಕಡೆ ನೋಡಲಿಲ್ಲ, ಕಟ್ಟೆಯ ಕಡೆಯೂ ನೋಡಲಿಲ್ಲ. ಗಂಟಲು ಸರಿಮಾಡಿಕೊಂಡು, ಹೊರಗಿನವರಿಗೂ ಕೇಳುವಷ್ಟು ದೊಡ್ಡದಾಗಿ ಹೇಳಿದಳು.

"ಉಣ್ಣೂಣ್ರಿ."

ನಾವು ಉಂಡೆವು. ಇಂಥ ದಿನದ ಊಟ ಅಮೃತವಾಗಿತ್ತು ಎಂದು ಬರೆಯುವುದು ವಾಡಿಕೆ. ಸಾರಿಗೆ ಉಪ್ಪು ಹೆಚ್ಚಾಗಿತ್ತು. ಅತ್ತಿಯೂ ಅಂದು ಎಲ್ಲಿಯೋ ಕೈ ತಪ್ಪಿದ್ದಳು ಎಂದು ಈಗ ಅನಿಸುತ್ತದೆ. ನಾನು ಮಾತ್ರ ಎರಡನೇ ಸಲ ಹಾಕಿಸಿಕೊಂಡೆ.

ಸಂಜೆಯೊಳಗೆ ಅತ್ತಿ ಟ್ರಂಕು ಎತ್ತಿಕೊಂಡಳು. ಆಯಿ ತಡೆಯಲಿಲ್ಲ, ಅಪ್ಪ ಅಂಗಡಿಯಿಂದ ಬರಲೇ ಇಲ್ಲ. ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಕೋಣೆ ಬಾಡಿಗೆಗೆ ಸಿಕ್ಕಿತು, ಮುಂದೆ ಬೇವಿನ ಗಿಡ, ಅದರ ಕೆಳಗೆ ಶಾಲೆ. ನಾನು ಅಲ್ಲಿಗೇ ಹೋಗುತ್ತೇನೆ ಎಂದು ಹಟ ಹಿಡಿದೆ. ಅಪ್ಪ ಹೊಡೆದ. ಬೇರೆ ಶಾಲೆಗೆ ಹೊತ್ತುಕೊಂಡು ಹೋಗಿ ಬಿಟ್ಟರು, ಅಲ್ಲಿಂದ ಓಡಿ ಬಸ್‌ಸ್ಟ್ಯಾಂಡಿಗೆ ಹೋದೆ. ಕಡೆಗೆ ಅಪ್ಪ ಸೋತ. ಆಯಿ ಸೋಲಲಿಲ್ಲ, ಒಂದು ಕಟ್ಟಳೆ ಹಾಕಿದಳು. ನಾನು ಶಾಲೆಯಿಂದ ಬಂದರೆ ಮುಂಬಾಗಿಲಿಗೆ ಪ್ರವೇಶವಿಲ್ಲ. ಹಿತ್ತಲಿಗೆ ಹೋಗಿ ಜಳಕದ ಕಲ್ಲಿನ ಮೇಲೆ ನಿಲ್ಲಬೇಕು, ಆಯಿ ತಲೆಯ ಮೇಲೆ ನೀರು ಸುರಿದ ಮೇಲೆ ಒಳಗೆ. ಉಂಡ ಕೈಯ ಮೈಲಿಗೆ ತೊಳೆಯಲು. ನಾನು ನಿಂತೆ. ಆದರೆ ಬಾಯಿ ಮುಚ್ಚಿಕೊಂಡು ನಿಲ್ಲಲಿಲ್ಲ. ನೀರು ಬೀಳುತ್ತಿದ್ದಂತೆ, ಹಿತ್ತಲ ಗೋಡೆಯಾಚೆಯ ಮನೆಗಳಿಗೂ ಕೇಳುವಂತೆ ವರದಿ ಒಪ್ಪಿಸುತ್ತಿದ್ದೆ.

"ಆಯಿ, ಇವತ್ತು ದುರ್ಗಿ ಬಡಸಿದ್ಲು. ನುಚ್ಚು, ಪುಂಡಿಪಲ್ಯ. ಅಕೀ ಗಂಗಾಳದಾಗಿಂದ ಹಸಿ ಉಳ್ಳಾಗಡ್ಡಿ ತಗೊಂಡು ತಿಂದೆ. ಭಾಳ ಛಲೋ ಇತ್ತು."

"ಬಾಯಿ ಮುಚ್ಚು, ರಂಡೆ."

"ನಾಳಿಗೆ ಬ್ಯಾರೆಯವರ ಪಾಳಿ. ಆದ್ರೂ ದುರ್ಗಿ ಬಾಜೂಕ ಕುಂದರ್ತೀನಿ."

ದುರ್ಗಿಯ ಪಾಳಿ ಇಲ್ಲದ ದಿನವೂ ಅವಳೇ ಬಡಿಸಿದಳು ಎಂದು ಹೇಳುತ್ತಿದ್ದೆ. ಚಳಿಗಾಲ ಬಂದಾಗ ನೀರು ಕಾಯಿಸಬೇಕಾಯಿತು, ಮೊಮ್ಮಗಳಿಗೆ ನೆಗಡಿಯಾದರೆ ಆಯಿಗೇ ಕಷ್ಟ. ಹಂಡೆಯಿಂದ ಬಿಸಿನೀರು ತೋಡುವುದು, ಹಿತ್ತಲಿಗೆ ತರುವುದು, ಬಗ್ಗಿ ಸುರಿಯುವುದು. ಒಂದು ಸಂಜೆ ಆಯಿ ಕೊಡ ಎತ್ತಲು ಹೋಗಿ, ಸೊಂಟ ಹಿಡಿದುಕೊಂಡು ಹಿತ್ತಲ ಗೋಡೆಗೆ ಒರಗಿದಳು.

"ನಿನಗ ನೀರು ಹಾಕಿ ಹಾಕಿ ನನ್ನ ಸೊಂಟ ಹೋತು. ಹೋಗು ಒಳಗ."

"ಹಾಕೂದಿಲ್ಲೇನು?"

"ಹೋಗಂದ್ನೆಲ್ಲ."

ನಾನು ಒಣ ಲಂಗದಲ್ಲೇ ನಡುಮನೆ ದಾಟಿ ಅಡಿಗೆಮನೆಗೆ ನಡೆದೆ. ಆಯಿಯ ಮನಸ್ಸು ಕರಗಿತು ಎಂದು ಯಾರಾದರೂ ಈ ಕಥೆಯನ್ನು ಹೇಳಿದರೆ ನಂಬಬೇಡಿ. ಸಾಯುವವರೆಗೆ ಆಕೆ ಬಸ್‌ಸ್ಟ್ಯಾಂಡಿನ ಕಡೆ ತಲೆ ಹಾಕಲಿಲ್ಲ. ಮನಸ್ಸು ಕರಗುವುದನ್ನು ಕಾಯುತ್ತ ಕೂತಿದ್ದರೆ ನಾನು ಇನ್ನೂ ಆ ಕಲ್ಲಿನ ಮೇಲೇ ನಿಂತಿರುತ್ತಿದ್ದೆ. ಮುಂದೆ ನಾನೂ ಟೀಚರಾದೆ. ಬೇವೂರಿನ ಕಡೆಯ ಹಳ್ಳಿಗಳಲ್ಲಿ ಬಿಸಿಯೂಟದ ಸಾಲು ಬೇರೆ ಮಾಡಿ ಎಂದು ನಯವಾಗಿ ಕೇಳಲು ಬಂದವರಿಗೆಲ್ಲ ಆಗುವುದಿಲ್ಲ ಎಂದೆ, ವರ್ಗಾವಣೆಯ ಮೇಲೆ ವರ್ಗಾವಣೆ ತಿಂದೆ. ಹೋದ ಶಾಲೆಯಲ್ಲೆಲ್ಲ ಮಕ್ಕಳ ಕೈಗೇ ಸೌಟು ಕೊಟ್ಟೆ. ಗಿರಿಜತ್ತಿ ಕಡೆಯ ದಿನದವರೆಗೂ ಆ ಬೇವಿನ ಗಿಡದ ಕೆಳಗೆ ಚಾಪೆ ಹಾಸಿದಳು. ನನ್ನ ಹಟದ ಬೇರು ಹುಡುಕುವವರು ಆ ಚಾಪೆಯನ್ನೂ ಆಯಿಯ ಮಣೆಯನ್ನೂ ಒಟ್ಟಿಗೇ ನೋಡಬೇಕು.

ಇಷ್ಟನ್ನು ಬರೆದು ಕೊಪ್ಪಳದ ಬಸ್ಸು ಹತ್ತಿದೆ. ದುರ್ಗಿ ಅಲ್ಲಿ ಸರ್ಕಾರಿ ಕಚೇರಿಯಲ್ಲಿ ಅಧಿಕಾರಿಯಾಗಿದ್ದು ನಿವೃತ್ತಳಾಗಿ, ಮಗಳ ಮನೆಯ ಪಕ್ಕದಲ್ಲೇ ಮನೆ ಮಾಡಿದ್ದಾಳೆ. ನಾನು ಓದುತ್ತ ಹೋದೆ, ಅವಳು ಕನ್ನಡಕ ಮೇಲೇರಿಸಿ ಕೇಳಿದಳು. ಆಯಿಯ ಸೊಂಟದ ಮಾತು ಬಂದಾಗ ನಕ್ಕಳು. ಓದಿ ಮುಗಿಸಿದಾಗ ಚಹಾದ ಕಪ್ಪು ಕೆಳಗಿಟ್ಟಳು.

"ಛಲೋ ಬರದೀ. ಆದ್ರ ಎಲ್ಲಾ ನಿಂದ ಐತಿ ನೀಲಾ. ನಿನ್ನ ಗಂಗಾಳ, ನಿನ್ನ ಹಟ, ನಿನ್ನ ಜಳಕ."

"ಮತ್ತ ನಾ ನೋಡಿದ್ದು ಅಷ್ಟ ಅಲ್ಲೇನು?"

"ಅದಕ್ಕ ಹೇಳಾಕ ಹತ್ತೀನಿ, ಕೇಳು. ಅವತ್ತು ಮುಂಜಾನೆ ನಿಮ್ಮಪ್ಪ ನಮ್ಮನಿಗೆ ಆಳು ಕಳಿಸಿದ್ದ. ಇವತ್ತೊಂದಿನ ಮಗಳನ್ನ ಸಾಲಿಗೆ ಕಳಸಬ್ಯಾಡ, ಕಳಿಸಿದ್ರ ನಾಳಿಂದ ಶೇಂಗಾ ಸುಲಿಯಾಕ ನೀನೂ ಬರಬ್ಯಾಡ ಅಂತ. ನಮ್ಮವ್ವ ನನ್ನ ತಲಿಗೆ ಎಣ್ಣಿ ಹಚ್ಚಿ ಹಿಕ್ಕಿದ್ಲು. ಉಗುರು ತಗದ್ಲು. ಬೂದಿ ಹಚ್ಚಿ ಕೈ ತಿಕ್ಕಿದ್ಲು, ಬೆರಳಿನ ಸಂದಿನೂ ಬಿಡಲಿಲ್ಲ. ಗಂಗಾಳ ಎಷ್ಟದಾವ ನೋಡಿ ಎಲ್ಲಾದಕ್ಕೂ ಹಾಕಿ ಬಾ, ಒಂದೂ ಬಿಡಬ್ಯಾಡ, ಅಂದ್ಲು. ಆ ವರ್ಷ ನಿಮ್ಮ ಓಣ್ಯಾಗ ಯಾರೂ ಅಕಿಗೆ ಕೆಲಸಾ ಕೊಡಲಿಲ್ಲ. ಕಲ್ಲು ಹೊರಾಕ ಹೋದ್ಲು."

ಈ ಮಾತು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅಪ್ಪ ಹೇಳಿರಲಿಲ್ಲ, ಅತ್ತಿ ಹೇಳಿರಲಿಲ್ಲ, ದುರ್ಗಿಯೂ ಇಷ್ಟು ವರ್ಷ ಹೇಳಿರಲಿಲ್ಲ. ಅಪ್ಪ ಕೆಟ್ಟವನಲ್ಲ ಎಂದು ಬರೆದ ಸಾಲಿನ ಮೇಲೆ ನನ್ನ ಬೆರಳು ಇತ್ತು. ಅದನ್ನು ಹೊಡೆದುಹಾಕಲೇನು ಎಂದು ಕೇಳಿದೆ.

"ಅಪ್ಪಂದು ನಿನಗ ಬಿಟ್ಟಿದ್ದು. ನನ್ನ ಕೇಳಿದ್ರ ಇಷ್ಟ ಹೇಳ್ತೀನಿ. ಯಲ್ಲವ್ವ ಕಳಿಸಿದ್ಲು, ದುರ್ಗಿ ಬಡಸಿದ್ಲು. ಮೊದಲ ಅದನ್ನ ಬರಿ. ಉಂಡವರ ಹೆಸರು ಬೇಕಾದ್ರ ಆಮ್ಯಾಲ ಹಾಕು."